ಸತ್ಕಾರ್ಯದ ಹಿಂದಿನ ಸಂಕಲ್ಪ: ಮೈಸೂರು ಮಿಷನ್ನಿನ ಚರಿತ್ರೆ ಕಲಿಸುವ ಪಾಠ

ಒಂದು ದೇವಾಲಯಕ್ಕೆ ನೂರು ವರ್ಷ ತುಂಬಿದಾಗ ಅದರ ಚರಿತ್ರೆಯನ್ನು ಬರೆದಿಡುವುದು ನಮ್ಮಲ್ಲಿ ನಡೆದು ಬಂದ ವಾಡಿಕೆ. ಅಡಿಗಲ್ಲನ್ನು ಯಾರು ಆಶೀರ್ವದಿಸಿದರು, ಯಾವ ಯಾವ ಗುರುಗಳು ಇಲ್ಲಿ ಸೇವೆ ಸಲ್ಲಿಸಿದರು, ಗಂಟೆಯನ್ನು ಕೊಡಿಸಿದವರು ಯಾರು, ಶಾಲೆಯ ಕಟ್ಟಡಕ್ಕೆ ಹಣ ಎಲ್ಲಿಂದ ಬಂದಿತು ಎಂಬ ಸಂಗತಿಗಳು ಇಂತಹ ಸಂಚಿಕೆಗಳಲ್ಲಿ ಅಚ್ಚಾಗುತ್ತವೆ. ಅವೆಲ್ಲವೂ ಬೇಕಾದುವೇ. ಮುಂದಿನ ತಲೆಮಾರಿಗೆ ಅವು ಆಧಾರ. ಆದರೆ ಯಾವ ದಾಖಲೆ ಪುಸ್ತಕದಲ್ಲಿಯೂ ಬರೆದಿಡಲಾಗದ ಇನ್ನೊಂದು ಚರಿತ್ರೆಯುಂಟು. ಅದು ಮನಸ್ಸಿನ ಚರಿತ್ರೆ. ನಮ್ಮ ಹಿರಿಯರೂ ನಮ್ಮ ನಾಡಿಗೆ ಬಂದ ಗುರುಗಳೂ ಒಳ್ಳೆಯ ಕೆಲಸಗಳನ್ನು ಮಾಡಿದರು ನಿಜ. ಯಾತಕ್ಕಾಗಿ ಮಾಡಿದರು? ನಾವು ಇಂದು ಮಾಡುತ್ತಿರುವುದಾದರೂ ಯಾತಕ್ಕಾಗಿ? ಶತಮಾನೋತ್ಸವದ ಸಂತೋಷದಲ್ಲಿ ಈ ಪ್ರಶ್ನೆಯನ್ನೂ ನಾವೆಲ್ಲರೂ ಒಮ್ಮೆ ಕೇಳಿಕೊಳ್ಳುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಯೇಸುಸ್ವಾಮಿಯವರು ಬೆಟ್ಟದ ಮೇಲೆ ಮಾಡಿದ ಒಂದೇ ಬೋಧನೆಯಲ್ಲಿ ಎರಡು ಮಾತುಗಳನ್ನು ಹೇಳಿರುವುದನ್ನು ಸಂತ ಮತ್ತಾಯನ ಶುಭಸಂದೇಶದಲ್ಲಿ ಕಾಣುತ್ತೇವೆ. ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಎಂಬುದು ಐದನೆಯ ಅಧ್ಯಾಯದ ಬೋಧೆ. ಜನರು ನೋಡಲೆಂದು ಧರ್ಮಕಾರ್ಯಗಳನ್ನು ಮಾಡಬೇಡಿ, ಬಲಗೈಯ ದಾನ ಎಡಗೈಗೂ ತಿಳಿಯದಿರಲಿ ಎಂಬುದು ಆರನೆಯ ಅಧ್ಯಾಯದ ಬೋಧೆ. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಗಮನವಿಟ್ಟು ಓದಿದರೆ ಎರಡಕ್ಕೂ ಕೀಲಿಕೈ ಒಂದೇ ಎಂಬುದು ತಿಳಿಯುತ್ತದೆ. ಕೆಲಸ ಜನರಿಗೆ ಕಾಣುವುದು ತಪ್ಪಲ್ಲ. ಆ ಕೆಲಸದ ಹೆಸರು ಯಾರಿಗೆ ಸಲ್ಲುತ್ತದೆ ಎಂಬುದೇ ಮುಖ್ಯ. ಪರಲೋಕದ ಪಿತನಿಗೆ ಮಹಿಮೆ ಸಲ್ಲಿದರೆ ಅದು ಬೆಳಕು. ಮಾಡಿದವನಿಗೇ ಸಂದರೆ ಅವನ ಕೂಲಿ ಅಲ್ಲಿಗೇ ಮುಗಿಯಿತು. ಈ ಅಳತೆಗೋಲನ್ನು ಹಿಡಿದು ನಮ್ಮ ನಾಡಿನ ಕ್ರೈಸ್ತ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡೋಣ.

ಸಿಡುಬಿಗೆ ದೇವಿ ಹಾಕಿಸಿದ ಸನ್ಯಾಸಿ

ನಮ್ಮ ಬೂದಿಗೆರೆ ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಊರು. ಆದುದರಿಂದ ಹಳೆಯ ಮೈಸೂರು ಮಿಷನ್ನಿನ ಚರಿತ್ರೆ ನಮಗೆ ಹೊರಗಿನದಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದುದರಿಂದ ಈ ಮಿಷನ್ ಆರಂಭವಾಯಿತು. 1773ರಲ್ಲಿ ಯೇಸುಸಭೆ ವಿಸರ್ಜಿಸಲ್ಪಟ್ಟ ಬಳಿಕ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳು ಈ ಹೊಣೆಯನ್ನು ವಹಿಸಿಕೊಂಡರು. ಮುಂದೆ ದೇವನಹಳ್ಳಿಯಲ್ಲೇ ಹುಟ್ಟಿದ ಟಿಪ್ಪು ಸುಲ್ತಾನನ ಆಳ್ವಿಕೆ ಬಂದಿತು. 1784ರಲ್ಲಿ ಕೆನರಾ ಸೀಮೆಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಚದುರಿಹೋಗಿದ್ದ ಮಂದೆಯನ್ನು ಮತ್ತೆ ಕೂಡಿಸಲು ಬಂದವರು ಫ್ರಾನ್ಸ್ ದೇಶದ ಗುರು ಆಬೆ ದುಬ್ವಾ ಅವರು.

ದುಬ್ವಾ ಅವರು ಈ ನಾಡಿನಲ್ಲಿ ಮೂವತ್ತು ವರ್ಷಗಳಿಗೂ ಮೀರಿ ಬಾಳಿದರು. ನಮ್ಮವರಂತೆಯೇ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸಾಹಾರವನ್ನು ಬಿಟ್ಟು ಸನ್ಯಾಸಿಯಂತೆ ಜೀವಿಸಿದರು. ಈ ದೇಶದ ಜನರ ಆಚಾರ ವಿಚಾರಗಳ ಮೇಲೆ ಅವರು ಬರೆದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು ಎರಡು ಸಾವಿರ ವರಹಗಳಿಗೆ ಕೊಂಡರು. ಅದು 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ವಿದ್ವಾಂಸರು ಅವರನ್ನು ಇಂದಿಗೂ ನೆನೆಯುವುದು ಆ ಗ್ರಂಥಕ್ಕಾಗಿ. ನಮಗಾದರೋ ಅವರ ಇನ್ನೊಂದು ಕೆಲಸ ಹೆಚ್ಚು ಮುಖ್ಯ.

ಆ ಕಾಲದಲ್ಲಿ ಸಿಡುಬು ಎಂಬುದು ಹಳ್ಳಿಗೆ ಹೊಕ್ಕರೆ ಮನೆಮನೆಯನ್ನೂ ಬರಿದು ಮಾಡುವ ರೋಗವಾಗಿತ್ತು. ಉಳಿದವರ ಮುಖದ ಮೇಲೆ ಕಲೆ ನಿಲ್ಲುತ್ತಿತ್ತು. ಎಷ್ಟೋ ಮಕ್ಕಳ ಕಣ್ಣು ಹೋಗುತ್ತಿತ್ತು. ಎಡ್ವರ್ಡ್ ಜೆನ್ನರ್ ಎಂಬ ಇಂಗ್ಲಿಷ್ ವೈದ್ಯರು ಹಸುವಿನ ಸಿಡುಬಿನ ಕೀವಿನಿಂದ ಮನುಷ್ಯರನ್ನು ರಕ್ಷಿಸಬಹುದೆಂಬುದನ್ನು 1798ರಲ್ಲಿ ಪ್ರಕಟಿಸಿದರು. ಆ ಲಸಿಕೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ 1802ರ ಜೂನ್ ತಿಂಗಳಲ್ಲಿ ಬೊಂಬಾಯಿಗೆ ಬಂದು ಸೇರಿತು. ಶೈತ್ಯಯಂತ್ರಗಳಿಲ್ಲದ ಕಾಲವಾದುದರಿಂದ ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಚ್ಚುತ್ತ, ಹೀಗೆ ತೋಳಿನಿಂದ ತೋಳಿಗೆ ಅದನ್ನು ಜೀವಂತವಾಗಿ ಸಾಗಿಸಬೇಕಾಗಿತ್ತು. ಇದನ್ನೇ ನಮ್ಮ ಅಜ್ಜ ಅಜ್ಜಿಯರು ‘ದೇವಿ ಹಾಕಿಸುವುದು’ ಎಂದು ಕರೆಯುತ್ತಿದ್ದರು. ಅನ್ಯ ಜಾತಿಯವನ ಮೈಯ ರಸವನ್ನು ತನ್ನ ಮಗುವಿನ ಮೈಗೆ ಸೇರಿಸಲು ಯಾವ ತಾಯಿ ಸುಲಭವಾಗಿ ಒಪ್ಪಿಯಾಳು? ಅಮ್ಮನವರು ಮುನಿದಾರು ಎಂಬ ಭಯ ಬೇರೆ. ಇಂತಹ ಸ್ಥಿತಿಯಲ್ಲಿ ದುಬ್ವಾ ಅವರು ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಮುಂದಾದರು. 1803-04ರ ಅವಧಿಯಲ್ಲಿಯೇ ಅವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರೆಂಬ ದಾಖಲೆಯಿದೆ. ಅಂದಿನ ಮೈಸೂರಿನಲ್ಲಿ ಕ್ರೈಸ್ತರ ಸಂಖ್ಯೆ ತೀರ ಸ್ವಲ್ಪ. ಅವರಿಂದ ರಕ್ಷಣೆ ಪಡೆದವರಲ್ಲಿ ಬಹುಮಂದಿ ಅನ್ಯಧರ್ಮೀಯರಾಗಿದ್ದರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದೊಂದು ಹೊಗಳಿಕೆಯ ಕಥೆಯಾಗಿ ಮುಗಿಯುತ್ತದೆ. ಆದರೆ ದುಬ್ವಾ ಅವರ ಬಾಳಿನ ಕೊನೆಯ ಅಧ್ಯಾಯ ನಮ್ಮನ್ನು ಚಿಂತನೆಗೆ ಹಚ್ಚುತ್ತದೆ. 1823ರಲ್ಲಿ ಅವರು ಫ್ರಾನ್ಸಿಗೆ ಮರಳಿದರು. ಕಂಪನಿಯವರು ಪ್ರಯಾಣದ ವೆಚ್ಚವನ್ನೂ ನಿವೃತ್ತಿ ವೇತನವನ್ನೂ ಕೊಟ್ಟರು. ಅದೇ ವರ್ಷ ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದ ಪತ್ರಗಳು ಲಂಡನ್ನಿನಲ್ಲಿ ಪ್ರಕಟವಾದವು. ಈ ದೇಶದ ಜನರನ್ನು ಕ್ರೈಸ್ತ ಧರ್ಮಕ್ಕೆ ತರುವುದು ಆಗಹೋಗದ ಮಾತು ಎಂದೇ ಅವರು ಅದರಲ್ಲಿ ಹೇಳಿಬಿಟ್ಟರು. ಅಷ್ಟು ವರ್ಷಗಳ ದುಡಿಮೆಯಲ್ಲಿ ಒಬ್ಬ ದೇಶೀಯ ಗುರುವಿನ ನೆರವಿನಿಂದ ತಾವು ಧರ್ಮಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ ಎಂದು ಲೆಕ್ಕ ಕೊಟ್ಟರು. ಅವರಲ್ಲಿಯೂ ಹೆಚ್ಚಿನವರು ದಲಿತರು, ಭಿಕ್ಷುಕರು, ನೆಲೆಯಿಲ್ಲದವರು. ಮದುವೆ ಸಂಬಂಧಕ್ಕೋ ಬೇರೆ ಯಾವುದೋ ಲಾಭಕ್ಕೋ ಬಂದವರು ಎಂದು ಬೇಸರದಿಂದ ಬರೆದರು. ಈ ಪತ್ರಗಳಿಗೆ ಪ್ರೊಟೆಸ್ಟೆಂಟ್ ಮಿಷನರಿಗಳು ಮರುವರ್ಷವೇ ಖಂಡನೆಯ ಉತ್ತರಗಳನ್ನು ಪ್ರಕಟಿಸಿದರು.

ಈ ಪತ್ರಗಳಿಂದ ನಾವು ಎರಡು ಪಾಠಗಳನ್ನು ಕಲಿಯಬೇಕಾಗಿದೆ. ಮೊದಲನೆಯದು ದುಬ್ವಾ ಅವರಿಗೆ ಗೌರವ ತರುವಂತಹುದು. ಇಪ್ಪತ್ತೈದು ಸಾವಿರ ಜನರಿಗೆ ದೇವಿ ಹಾಕಿಸಿದ ಮನುಷ್ಯನ ಖಾತೆಯಲ್ಲಿ ಧರ್ಮಕ್ಕೆ ಬಂದವರು ಮುನ್ನೂರು ಮಂದಿಯೂ ಇಲ್ಲ. ಸಿಡುಬಿನ ಕೆಲಸ ಜನರನ್ನು ಸೆಳೆಯುವ ಬಲೆಯಾಗಿದ್ದಿದ್ದರೆ ಆ ಬಲೆ ಬರಿದಾಗಿಯೇ ಬಂದಿತೆಂದು ಹೇಳಬೇಕು. ಅವರ ಮಟ್ಟಿಗೆ ಅದು ಬಲೆಯಾಗಿರಲಿಲ್ಲ. ಮಗು ಸಾಯಬಾರದು ಎಂಬುದೊಂದೇ ಆ ಕೆಲಸಕ್ಕೆ ಸಾಕಾದ ಕಾರಣವಾಗಿತ್ತು. ಹತ್ತು ಮಂದಿ ಕುಷ್ಠರೋಗಿಗಳನ್ನು ಸ್ವಾಮಿ ಗುಣಪಡಿಸಿದಾಗ ಹಿಂದಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಸಮಾರ್ಯದವನು. ಸ್ವಾಮಿ ಉಳಿದ ಒಂಬತ್ತು ಮಂದಿಯನ್ನು ನೆನೆದು ನೊಂದರೇ ಹೊರತು ಅವರಿಗೆ ಕೊಟ್ಟ ಆರೋಗ್ಯವನ್ನು ಹಿಂತೆಗೆದುಕೊಳ್ಳಲಿಲ್ಲ. ಸತ್ಕಾರ್ಯದ ನಿಜವಾದ ಸಂಕಲ್ಪ ಇದು. ಫಲ ನಮ್ಮ ಲೆಕ್ಕಕ್ಕೆ ಬಾರದಿದ್ದರೂ ಕೊಟ್ಟದ್ದು ಕೊಟ್ಟದ್ದೇ.

ಎರಡನೆಯ ಪಾಠ ದುಬ್ವಾ ಅವರನ್ನು ಮೀರಿ ಹೋಗಬೇಕಾದುದು. ಬಡವರು ಯಾತಕ್ಕಾಗಿ ಬಂದರೆಂದು ಅವರು ತೂಗಿ ನೋಡಿದರು. ನಮಗೆ ಆ ಅಧಿಕಾರವುಂಟೇ? ಹಸಿದವನು ಅನ್ನವನ್ನು ಹುಡುಕಿಕೊಂಡು ಬರುವುದು ದೋಷವಲ್ಲ. ಊರಿನಲ್ಲಿ ನಿಲ್ಲಲು ಜಾಗವಿಲ್ಲದವನು ನಾಲ್ಕು ಜನರ ಸಂಬಂಧವನ್ನು ಬಯಸುವುದೂ ದೋಷವಲ್ಲ. ಸ್ವಾಮಿಯ ಹಿಂದೆ ಹೋದ ಜನಸಮೂಹದಲ್ಲಿ ರೊಟ್ಟಿಗಾಗಿ ಬಂದವರು ಇರಲಿಲ್ಲವೇ? ಅದನ್ನು ತಿಳಿದೂ ಸ್ವಾಮಿ ಅವರಿಗೆ ರೊಟ್ಟಿಯನ್ನು ಕೊಟ್ಟರು. ಪರೀಕ್ಷೆಗೆ ಒಳಗಾಗಬೇಕಾದುದು ಕೊಡುವವನ ಮನಸ್ಸು. ಬೇಡುವವನ ಹೃದಯವನ್ನು ದೇವರಿಗೆ ಬಿಡುವುದೇ ಲೇಸು.

ಧಾತು ಈಶ್ವರದ ಬರ

ದುಬ್ವಾ ಅವರು ಹಿಂದಿರುಗಿ ಅರ್ಧ ಶತಮಾನ ಕಳೆದ ಮೇಲೆ ಇದೇ ಪ್ರಶ್ನೆ ಇನ್ನೂ ಭೀಕರವಾದ ರೂಪದಲ್ಲಿ ನಮ್ಮ ನಾಡಿನ ಮುಂದೆ ಬಂದು ನಿಂತಿತು. 1875ರ ಮಳೆಯೇ ಸಾಲದಾಗಿತ್ತು. 1876ರಲ್ಲಿ ಮಳೆ ಪೂರಾ ಕೈಕೊಟ್ಟಿತು. ಕೆರೆಗಳು ಒಣಗಿ ಬಿರುಕುಬಿಟ್ಟವು. ನಮ್ಮ ಬಯಲುಸೀಮೆಯ ರೈತರು ಆಪತ್ಕಾಲಕ್ಕೆಂದು ಹಗೇವುಗಳಲ್ಲಿ ರಾಗಿಯನ್ನು ತುಂಬಿಡುತ್ತಿದ್ದರು. ಆ ಹಗೇವುಗಳೂ ಬರಿದಾದವು. 1876ರಿಂದ 1878ರವರೆಗೆ ನಡೆದ ಈ ಕ್ಷಾಮವನ್ನು ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ದಾಟಿತ್ತು. 1881ರ ಗಣತಿಯಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಎರಡು ಅಂಕಿಗಳ ನಡುವೆ ಎಷ್ಟು ಹಳ್ಳಿಗಳ ಗೋಳು ಹುದುಗಿದೆಯೆಂಬುದನ್ನು ಊಹಿಸಬಹುದು. ಬೆಂಗಳೂರು, ಕೋಲಾರ, ತುಮಕೂರು ಜಿಲ್ಲೆಗಳ ಮಳೆಯಾಶ್ರಿತ ಸೀಮೆ ಬಹಳವಾಗಿ ನೊಂದಿತು.

ಉಪಕಾರದ ಹಿಂದಿನ ಮನಸ್ಸು ಕೆಟ್ಟರೆ ಏನಾಗುತ್ತದೆಂಬುದಕ್ಕೆ ಆ ಬರದಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1873-74ರ ಬಿಹಾರದ ಬರದಲ್ಲಿ ಬರ್ಮಾ ದೇಶದಿಂದ ಅಕ್ಕಿಯನ್ನು ತರಿಸಿ ಧಾರಾಳವಾಗಿ ಹಂಚಿಸಿದ್ದರು. ಜನರು ಉಳಿದರು. ಆದರೆ ಸರ್ಕಾರದ ಹಣವನ್ನು ಪೋಲು ಮಾಡಿದರೆಂಬ ಟೀಕೆಗೆ ಅವರು ಗುರಿಯಾದರು. 1877ರಲ್ಲಿ ದಕ್ಷಿಣದ ಬರಕ್ಕೆ ಅವರನ್ನೇ ಕಳುಹಿಸಲಾಯಿತು. ಈ ಸಲ ಅವರು ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವವನಿಗೆ ದಿನವೊಂದಕ್ಕೆ ಒಂದು ಪೌಂಡು ಧಾನ್ಯದ ಬೆಲೆಯಷ್ಟೇ ಕೂಲಿ ಸಾಕೆಂದು ಗೊತ್ತುಮಾಡಿದರು. ಅಷ್ಟರಿಂದ ಮನುಷ್ಯ ಬದುಕಲಾರನೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದರು. ಹಿಂದಿನ ಟೀಕೆಯಿಂದ ಕೆಟ್ಟ ಹೆಸರನ್ನು ಸರಿಪಡಿಸಿಕೊಳ್ಳುವ ಆತುರವೇ ಈ ಜಿಪುಣತನಕ್ಕೆ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. ಮನುಷ್ಯ ಒಬ್ಬನೇ, ಕೆಲಸವೂ ಒಂದೇ. ಹಸಿದವನ ಮುಖವನ್ನು ನೋಡಿದಾಗ ಕೈ ಬಿಚ್ಚಿತು. ತನ್ನ ಹೆಸರನ್ನು ನೋಡಿಕೊಂಡಾಗ ಕೈ ಮುಚ್ಚಿತು.

ಇನ್ನು ನಮ್ಮವರ ವಿಷಯ. ಆಗ ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷರಾಗಿದ್ದವರು ಶೆವಾಲಿಯೆ ಅವರು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಗುರುಗಳೂ ಧರ್ಮಭಗಿನಿಯರೂ ಅನಾಥಾಲಯಗಳಿಗೆ ಸೇರಿಸಿಕೊಂಡರು. ಮಕ್ಕಳು ಬೆಳೆದಂತೆ ಅವರಿಗೆ ಕಸುಬು, ಬೇಸಾಯ ಕಲಿಸಬೇಕಾಯಿತು. ಅಂದಿನ ನೆಲಮಂಗಲ ತಾಲ್ಲೂಕಿನ ಸಿಲುವೇಪುರ, ಕನಕಪುರದ ಕಡೆಯ ಮರಿಯಾಪುರ ಮುಂತಾದ ಕಡೆಗಳಲ್ಲಿ ಬೇಸಾಯದ ನೆಲೆಗಳು ಏರ್ಪಟ್ಟವು. ಹೆಸರುಗಳೇ ಅವುಗಳ ಹುಟ್ಟನ್ನು ಸಾರುತ್ತವೆ. ಸಿಲುವೆಯ ಹೆಸರಿನ ಊರು ಒಂದು, ಮರಿಯಮ್ಮನವರ ಹೆಸರಿನ ಊರು ಇನ್ನೊಂದು. ಬೆಂಗಳೂರಿನ ಸುತ್ತಮುತ್ತ ಇಂದು ಬಾಳುತ್ತಿರುವ ಎಷ್ಟೋ ಕಥೋಲಿಕ ಕುಟುಂಬಗಳ ಮೂಲಪುರುಷರು ಈ ಬರದ ಮಕ್ಕಳೇ.

ಇಲ್ಲಿ ಒಂದು ಕಠಿಣವಾದ ಮಾತನ್ನು ನಾವು ಬಚ್ಚಿಡಬಾರದು. ಅಂದಿನ ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಜ್ಞಾನಸ್ನಾನಗಳ ಸಂಖ್ಯೆ ಒಂದು ಮುಖ್ಯವಾದ ಲೆಕ್ಕವಾಗಿತ್ತು. ಮರಣಾವಸ್ಥೆಯಲ್ಲಿದ್ದ ಶಿಶುಗಳಿಗೆ ಕೊಟ್ಟ ಜ್ಞಾನಸ್ನಾನಗಳನ್ನು ಪ್ರತ್ಯೇಕವಾಗಿ ಎಣಿಸುತ್ತಿದ್ದರು. ಅದನ್ನು ಓದಿದ ಇಂದಿನ ಮನುಷ್ಯ ಬೆಚ್ಚಬಹುದು. ಅನ್ನ ಕೊಟ್ಟು ಹೆಸರು ಬರೆಸಿಕೊಂಡರೆಂಬ ಚುಚ್ಚುಮಾತೂ ಕ್ರೈಸ್ತರ ಕಿವಿಗೆ ಬಿದ್ದುದುಂಟು. ಇದಕ್ಕೆ ಕೋಪದ ಉತ್ತರ ಉತ್ತರವಾಗದು. ನ್ಯಾಯವಾಗಿ ವಿಚಾರ ಮಾಡಬೇಕು. ಜ್ಞಾನಸ್ನಾನವಿಲ್ಲದೆ ಆತ್ಮಕ್ಕೆ ಗತಿಯಿಲ್ಲವೆಂದು ಆ ಗುರುಗಳು ಅಂತಃಕರಣಪೂರ್ವಕವಾಗಿ ನಂಬಿದ್ದರು. ಸಾಯುತ್ತಿರುವ ಕೂಸಿಗೆ ತಾವು ಕೊಡಬಲ್ಲ ಅತ್ಯಂತ ಬೆಲೆಯುಳ್ಳ ವಸ್ತು ಅದೇ ಎಂದು ತಿಳಿದು ಕೊಟ್ಟರು. ಆ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಯ ಪಕ್ಕದಲ್ಲಿ ಒಂದು ಎಣಿಕೆಯೂ ಕುಳಿತಿತ್ತೆಂಬುದು ಸುಳ್ಳಲ್ಲ. ಫ್ರಾನ್ಸಿನಲ್ಲಿ ಮಿಷನ್ನಿಗಾಗಿ ಕಾಸು ಕೂಡಿಸಿ ಕಳುಹಿಸುತ್ತಿದ್ದ ಭಕ್ತರು ಫಲವನ್ನು ತಿಳಿಯಲು ಬಯಸುತ್ತಿದ್ದರು. ಫಲವನ್ನು ಅಂಕಿಗಳಲ್ಲಿ ತೋರಿಸುವ ಅಗತ್ಯ ಒಮ್ಮೆ ಹುಟ್ಟಿದರೆ, ಅಂಕಿಗಾಗಿಯೇ ಕೆಲಸ ಮಾಡುವ ಶೋಧನೆ ಹಿಂದೆಯೇ ಬರುತ್ತದೆ. ಸಂತರಿಗೂ ಬರುವ ಶೋಧನೆ ಅದು. ನಮ್ಮಂತಹವರ ಪಾಡೇನು?

ಆ ಗುರುಗಳ ಸಂಕಲ್ಪವನ್ನು ಅಳೆಯಲು ನಮಗೆ ಉಳಿದಿರುವ ಸಾಕ್ಷ್ಯ ಒಂದುಂಟು. ಬರ 1878ರಲ್ಲಿ ಮುಗಿಯಿತು; ಹೆಸರು ಬರೆದುಕೊಳ್ಳುವುದಷ್ಟೇ ಉದ್ದೇಶವಾಗಿದ್ದಿದ್ದರೆ ಕೆಲಸವೂ ಅಲ್ಲಿಗೇ ಮುಗಿಯಬೇಕಾಗಿತ್ತು. ಅದು ಮುಗಿಯಲಿಲ್ಲ. ಮಕ್ಕಳನ್ನು ಸಾಕಿದರು, ಓದು ಕಲಿಸಿದರು, ನೇಗಿಲನ್ನು ಕೈಗೆ ಕೊಟ್ಟು ನೆಲದಲ್ಲಿ ನಿಲ್ಲಿಸಿದರು. ವರದಿಯಲ್ಲಿ ಹೊಸ ಅಂಕಿಯನ್ನು ತಾರದ ದುಡಿಮೆ ಇದು. ವರ್ಷಾನುವರ್ಷ ಅದನ್ನು ಮಾಡುತ್ತ ಹೋದವರ ಮನಸ್ಸಿನಲ್ಲಿ ಎಣಿಕೆಗಿಂತ ಮಿಗಿಲಾದುದೊಂದು ಇದ್ದಿತೆಂದೇ ನಾವು ತಿಳಿಯುತ್ತೇವೆ.

ಬಾಗಿಲಲ್ಲಿ ಹೆಸರು ಕೇಳದ ಮನೆ

ಬೆಂಗಳೂರಿಗೆ ಗುಡ್ ಶೆಫರ್ಡ್ ಸಭೆಯ ಧರ್ಮಭಗಿನಿಯರು ಬಂದುದು 1854ರಲ್ಲಿ, ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕಾಲದಲ್ಲಿ. ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಸಂತ ಮರಿಯ ಯೂಫ್ರೇಸಿಯಾ ಅವರು 1835ರಲ್ಲಿ ಕಟ್ಟಿದ ಸಭೆ ಇದು. ದಾರಿ ತಪ್ಪಿದವರೆಂದು ಸಮಾಜ ಹೊರಗಟ್ಟಿದ ಹೆಣ್ಣುಮಕ್ಕಳಿಗೆ ಆಶ್ರಯ ಕೊಡುವುದು ಇದರ ಮೊದಲ ಉದ್ದೇಶ. ಈ ಧರ್ಮಭಗಿನಿಯರೇ 1886ರಲ್ಲಿ ಬೆಂಗಳೂರಿನಲ್ಲಿ ಸಂತ ಮಾರ್ತಳ ಆಸ್ಪತ್ರೆಯನ್ನು ತೆರೆದರು. ಮೈಸೂರು ಧರ್ಮಪ್ರಾಂತ ಸ್ಥಾಪಿತವಾಗಿ ಧರ್ಮಾಧ್ಯಕ್ಷ ಕೊಆಡು ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದದ್ದೂ ಅದೇ ವರ್ಷ. ಆಸ್ಪತ್ರೆಗೆ ಮಾರ್ತಳ ಹೆಸರನ್ನಿಟ್ಟುದು ಅರ್ಥಪೂರ್ಣ. ಬೆಥಾನಿಯದ ಆ ಹೆಣ್ಣುಮಗಳು ದುಡಿದು ದಣಿದು, ತಂಗಿಯನ್ನು ಕುರಿತು ಗೊಣಗಿದಾಗ ಸ್ವಾಮಿ ಅವಳನ್ನು ಪ್ರೀತಿಯಿಂದ ತಿದ್ದಿದರು. ಅವಳ ಅಡುಗೆ ತಪ್ಪಾಗಿರಲಿಲ್ಲ. ಅಡುಗೆ ಮಾಡುತ್ತ ಇತರರೊಡನೆ ತನ್ನನ್ನು ಹೋಲಿಸಿಕೊಂಡದ್ದೇ ಅವಳ ಕೊರತೆ. ಸೇವೆ ಮಾಡುವ ಎಲ್ಲರಿಗೂ ಈ ಹೆಸರು ಒಂದು ಎಚ್ಚರಿಕೆ.

ಸಂತ ಮಾರ್ತಳ ಆಸ್ಪತ್ರೆಗೆ ಬೆಂಗಳೂರು ಸುತ್ತಣ ಹಳ್ಳಿಗಳಿಂದ ಎಲ್ಲ ಜಾತಿ ಮತಗಳವರೂ ಬಂದಿದ್ದಾರೆ. ಬಂದವರು ಬಂದ ಧರ್ಮದಲ್ಲಿಯೇ ಮನೆಗೆ ಹಿಂದಿರುಗಿದ್ದಾರೆ. ಇದೇ ದಾರಿಯಲ್ಲಿ ನಮ್ಮ ಕಾಲಕ್ಕೆ ಹತ್ತಿರವಾದ ಇನ್ನೊಂದು ನಿದರ್ಶನ ಮಾಗಡಿ ರಸ್ತೆಯ ಸುಮನಹಳ್ಳಿ. ಕುಷ್ಠರೋಗದಿಂದ ನೊಂದವರ ಪುನರ್ವಸತಿಗಾಗಿ ಬೆಂಗಳೂರು ಮಹಾಧರ್ಮಪ್ರಾಂತವು ಸರ್ಕಾರದ ಸಹಕಾರದೊಡನೆ 1970ರ ದಶಕದಲ್ಲಿ ಕೈಗೊಂಡ ಕೆಲಸವದು. ಭಿಕ್ಷೆಯ ಹೊರತು ಬೇರೆ ಗತಿಯಿಲ್ಲವೆಂದು ಲೋಕ ತೀರ್ಮಾನಿಸಿದ್ದವರಿಗೆ ಕಸುಬು ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸುವುದು ಅದರ ಗುರಿ. ಕೊಟ್ಟವನಿಗೆ ಬೇಡುವವನು ಎಂದೆಂದಿಗೂ ಕೈಚಾಚಿಯೇ ಇರಬೇಕೆಂಬ ಒಳಆಸೆ ಇರಬಹುದು. ಅದೂ ಒಂದು ಬಗೆಯ ದುರಾಶೆಯೇ. ತನ್ನ ನೆರವು ಇನ್ನು ಬೇಡವಾಗುವಂತೆ ನೆರವಾಗುವವನೇ ನಿಜವಾದ ಉಪಕಾರಿ.

ದುಬ್ವಾ ಅವರು ಆರಂಭಿಸಿದ ದೇವಿ ಹಾಕಿಸುವ ಕೆಲಸ ಎಲ್ಲಿಗೆ ಮುಟ್ಟಿತೆಂಬುದನ್ನೂ ಇಲ್ಲಿ ನೆನೆಯಬೇಕು. ಎಷ್ಟೋ ತಲೆಮಾರುಗಳ ಹೆಸರಿಲ್ಲದ ಜನರ ದುಡಿಮೆಯಿಂದ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ 1975ರ ಮೇ ತಿಂಗಳಲ್ಲಿ ಕಂಡುಬಂದಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗ ಭೂಮಿಯಿಂದಲೇ ತೊಲಗಿತೆಂದು ಘೋಷಿಸಿತು. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಆ ಗುರುಗಳು ತಮ್ಮ ದುಡಿಮೆ ಬಹುಮಟ್ಟಿಗೆ ವಿಫಲವಾಯಿತೆಂದು ಬರೆದಿಟ್ಟು ಹೋಗಿದ್ದರು. ಬಿತ್ತುವವನ ಲೆಕ್ಕಕ್ಕೂ ದೇವರ ಲೆಕ್ಕಕ್ಕೂ ಇರುವ ಅಂತರ ಇದು.

ಧರ್ಮಸಭೆಯ ಬೋಧನೆ

ಸತ್ಕಾರ್ಯಗಳಿಂದ ಮೋಕ್ಷವನ್ನು ಕೊಳ್ಳಬಹುದೆಂದು ಕಥೋಲಿಕರು ನಂಬುತ್ತಾರೆ ಎಂಬ ತಪ್ಪು ತಿಳಿವಳಿಕೆ ಹೊರಗಿನವರಲ್ಲಿಯೂ ಕೆಲವೊಮ್ಮೆ ನಮ್ಮಲ್ಲಿಯೂ ಇದೆ. 1547ರಲ್ಲಿಯೇ ಟ್ರೆಂಟ್ ಮಹಾಸಭೆ ಇದನ್ನು ಸ್ಪಷ್ಟಪಡಿಸಿತು. ನಮ್ಮನ್ನು ಮೊದಲು ಮುಟ್ಟುವುದು ದೇವರ ಕೃಪೆ. ನಮ್ಮ ಯಾವ ಕೆಲಸವೂ ಅದನ್ನು ಗಳಿಸಲಾರದು. ಸತ್ಕಾರ್ಯಗಳು ಆ ಕೃಪೆಯ ಫಲ. 1999ರ ಅಕ್ಟೋಬರ್ 31ರಂದು ಕಥೋಲಿಕ ಧರ್ಮಸಭೆಯೂ ಲೂಥರನ್ ಸಭೆಗಳೂ ಆಗ್ಸ್‌ಬರ್ಗ್ ನಗರದಲ್ಲಿ ಈ ವಿಷಯವಾಗಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿ ನಾಲ್ಕು ಶತಮಾನಗಳಿಗೂ ಮೀರಿದ ವಿವಾದವನ್ನು ಬಹುಮಟ್ಟಿಗೆ ತಣಿಸಿದವು. ಹಾಗಾದರೆ ಪುಣ್ಯ ಕೂಡಿಡುವ ವ್ಯಾಪಾರವೆಂದು ದಾನ ಮಾಡುವುದು ಕ್ರೈಸ್ತ ಸಂಕಲ್ಪವಲ್ಲ. ಪ್ರೀತಿಸಲ್ಪಟ್ಟವನು ಪ್ರೀತಿಸುತ್ತಾನೆ, ಅಷ್ಟೇ. ಇದ್ದುದೆಲ್ಲವನ್ನೂ ಹಂಚಿಬಿಟ್ಟರೂ ಪ್ರೀತಿಯಿಲ್ಲದಿದ್ದರೆ ಪ್ರಯೋಜನವಿಲ್ಲವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದುದರ ಅರ್ಥವೂ ಇದೇ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತಕಾರ್ಯದ ಆಜ್ಞಾಪತ್ರದಲ್ಲಿ ಸೇವೆಯ ಬಗ್ಗೆ ಕೆಲವು ನಿಯಮಗಳನ್ನು ಕಾಣುತ್ತೇವೆ. ಸಹಾಯ ಮಾಡುವಾಗ ಸ್ವಂತ ಲಾಭವನ್ನಾಗಲಿ ಇತರರ ಮೇಲೆ ಹತೋಟಿಯನ್ನಾಗಲಿ ಅರಸಬಾರದು. ನ್ಯಾಯವಾಗಿ ಸಲ್ಲಬೇಕಾದುದನ್ನು ದಾನವೆಂಬ ಹೆಸರಿನಲ್ಲಿ ಕೊಡಬಾರದು. ಕಷ್ಟವನ್ನು ಮಾತ್ರವಲ್ಲ, ಕಷ್ಟದ ಕಾರಣವನ್ನೂ ಕೀಳಬೇಕು. ಅದೇ ಮಹಾಸಭೆಯು ಧರ್ಮಪ್ರಚಾರದ ಆಜ್ಞಾಪತ್ರದಲ್ಲಿ ಬಲಾತ್ಕಾರದಿಂದಾಗಲಿ ಅನುಚಿತವಾದ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿತು. 2005ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ತಮ್ಮ ಮೊದಲ ವಿಶ್ವಪತ್ರದಲ್ಲಿ, ಪ್ರೀತಿಯ ಸೇವೆಯನ್ನು ಬೇರೆ ಯಾವ ಗುರಿಯ ಸಾಧನವನ್ನಾಗಿಯೂ ಬಳಸಬಾರದೆಂದು ಬೋಧಿಸಿದರು. ಆಮಿಷವೆಂಬ ಮಾತು ನಮ್ಮ ನಾಡಿನ ಸಾರ್ವಜನಿಕ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಈ ದಿನಗಳಲ್ಲಿ, ಈ ವಿಷಯದಲ್ಲಿ ನಮ್ಮ ಧರ್ಮಸಭೆಯ ನಿಲುವು ಏನೆಂಬುದನ್ನು ನಾವೇ ಮೊದ​ಲು ಚೆನ್ನಾಗಿ ತಿಳಿದಿರಬೇಕು. ತಿಳಿದು ಹಾಗೆಯೇ ನಡೆದರೆ ಯಾರಿಗೂ ಹೆದರಬೇಕಾಗಿಲ್ಲ.

ಇಂದಿನ ನಮ್ಮ ಹೊಣೆ

ಕಡೆಯದಾಗಿ ನಮ್ಮ ಮನೆಬಾಗಿಲಿಗೆ ಬರೋಣ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೇ ಪಾಲ್ ಸಭೆ ಕೆಲಸ ಮಾಡುತ್ತಿದೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತರ ವಿದ್ಯಾರ್ಥಿ ಗೆಳೆಯರೊಡಗೂಡಿ ಇದನ್ನು ಆರಂಭಿಸಿದರು. ಈ ಸಭೆಯಲ್ಲಿ ಒಂದು ಚಿಕ್ಕ ಪದ್ಧತಿಯುಂಟು. ಸದಸ್ಯರು ಕೂಡಿದಾಗ ಒಂದು ಚೀಲವನ್ನು ಕೈಯಿಂದ ಕೈಗೆ ಸಾಗಿಸುತ್ತಾರೆ. ಒಳಗೆ ಕೈಹಾಕಿ ಬಿಟ್ಟದ್ದು ನೂರೋ ಒಂದೋ, ಪಕ್ಕದಲ್ಲಿ ಕುಳಿತವನಿಗೂ ತಿಳಿಯದು. ಬಡ ಸದಸ್ಯನಿಗೆ ನಾಚಿಕೆಯಿಲ್ಲ, ಸಿರಿವಂತನಿಗೆ ಜಂಬವಿಲ್ಲ. ಎಡಗೈಗೆ ತಿಳಿಯದಂತೆ ಕೊಡುವುದನ್ನು ಇದಕ್ಕಿಂತ ಸರಳವಾಗಿ ಆಚರಣೆಗೆ ತರುವುದು ಕಷ್ಟ.

ಇದಕ್ಕೆ ಹೋಲಿಸಿದರೆ ನಮ್ಮ ದೇವಾಲಯಗಳ ಗೋಡೆಗಳೂ ಬೆಂಚುಗಳೂ ಪೀಠಗಳೂ ಹೇಳುವ ಕಥೆ ಬೇರೆಯಾಗಿರಬಹುದು. ಕೊಟ್ಟವರನ್ನು ಕೃತಜ್ಞತೆಯಿಂದ ನೆನೆಯುವುದು ಧರ್ಮಕೇಂದ್ರದ ಕರ್ತವ್ಯ. ಇಂತಹ ಸಂಚಿಕೆಯಲ್ಲಿ ದಾನಿಗಳ ಪಟ್ಟಿ ಇರುವುದು ಅದಕ್ಕಾಗಿಯೇ. ಆದರೆ ಹೆಸರು ಕೆತ್ತಿಸದಿದ್ದರೆ ಕೊಡುವುದಿಲ್ಲವೆಂಬ ಮಾತು ನಮ್ಮ ಬಾಯಿಂದ ಬಂದ ದಿನ ನಾವು ಕೊಡುವುದನ್ನು ನಿಲ್ಲಿಸಿ ಕೊಳ್ಳಲು ತೊಡಗಿದೆವೆಂದು ತಿಳಿಯಬೇಕು. ಜೆರುಸಲೇಮಿನ ದೇವಾಲಯದಲ್ಲಿ ಎರಡು ಕಾಸು ಹಾಕಿದ ವಿಧವೆಯ ಹೆಸರನ್ನು ಶುಭಸಂದೇಶಕಾರರು ಬರೆದಿಡಲಿಲ್ಲ. ಅವಳನ್ನು ಅರಿಯದ ಕ್ರೈಸ್ತನೂ ಇಲ್ಲ.

ನಮ್ಮ ಸೀಮೆ ಬದಲಾಗುತ್ತಿದೆ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಹೊಲಗಳಿಗೆ ಬೆಲೆ ಬಂದಿದೆ, ಕಟ್ಟಡಗಳು ಎದ್ದಿವೆ. ಕಟ್ಟುವ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದಲೂ ದೂರದ ರಾಜ್ಯಗಳಿಂದಲೂ ಬಂದ ಕುಟುಂಬಗಳು ತಗಡಿನ ಗುಡಿಸಲುಗಳಲ್ಲಿ ವಾಸಿಸುತ್ತಿವೆ. ಅವರ ಭಾಷೆ ಬೇರೆ, ಧರ್ಮ ಬೇರೆ. ನಾಳೆ ಕೆಲಸ ಮುಗಿದರೆ ಅವರು ಬೇರೆ ಊರಿಗೆ ಹೊರಟುಹೋಗುತ್ತಾರೆ. ಅವರಿಗೆ ಮಾಡಿದ ಉಪಕಾರದಿಂದ ನಮ್ಮ ಧರ್ಮಕೇಂದ್ರದ ಸಂಖ್ಯೆ ಏರುವುದಿಲ್ಲ, ನಮ್ಮ ದೇವಾಲಯಕ್ಕೆ ಕಾಣಿಕೆ ಬರುವುದಿಲ್ಲ, ಯಾರೂ ನಮ್ಮ ಹೆಸರನ್ನು ನೆನಪಿಟ್ಟುಕೊಳ್ಳುವುದಿಲ್ಲ. ಆದುದರಿಂದಲೇ ನಮ್ಮ ಸಂಕಲ್ಪದ ಶುದ್ಧಿಯನ್ನು ಪರೀಕ್ಷಿಸಲು ಇವರಿಗಿಂತ ತಕ್ಕವರು ದೊರೆಯಲಾರರು. ಆ ಗುಡಿಸಲಿನ ಮಗುವಿಗೆ ಜ್ವರ ಬಂದಾಗ ಆಸ್ಪತ್ರೆಯ ದಾರಿ ತೋರಿಸುವವರು ನಮ್ಮಲ್ಲಿ ಯಾರು? ಅದು ಶಾಲೆಗೆ ಸೇರುವಂತೆ ಮಾಡುವವರು ಯಾರು? ಅವರ ಕೂಲಿ ಸರಿಯಾಗಿ ಸಿಗುತ್ತಿದೆಯೇ ಎಂದು ವಿಚಾರಿಸುವವರು ಯಾರು?

ಶುದ್ಧವಾದ ಸಂಕಲ್ಪ ಬರುವವರೆಗೆ ಕೈಕಟ್ಟಿ ಕುಳಿತಿರಬೇಕೆಂದು ನಾವು ಹೇಳುತ್ತಿಲ್ಲ. ಹಾಗೆ ಕಾದರೆ ಯಾರೂ ಯಾರಿಗೂ ಒಂದು ಲೋಟ ನೀರನ್ನೂ ಕೊಡಲಾರರು. ಮನುಷ್ಯನ ಮನಸ್ಸಿನಲ್ಲಿ ಗೋಧಿಯೂ ಕಳೆಯೂ ಕೂಡಿಯೇ ಬೆಳೆಯುತ್ತವೆ. ಕೆಲಸವನ್ನು ಮಾಡುತ್ತ ಮಾಡುತ್ತಲೇ ಸಂಕಲ್ಪವನ್ನು ಶೋಧಿಸಿಕೊಳ್ಳಬೇಕು. ನಮ್ಮನ್ನು ಯಾರೂ ನೋಡದಿದ್ದರೂ ಇದನ್ನು ಮಾಡುತ್ತಿದ್ದೆವೇ? ಪಡೆದವನು ಒಂದು ಕೃತಜ್ಞತೆಯ ಮಾತನ್ನೂ ಆಡದೆ ಹೋದರೆ ನಾಳೆ ಮತ್ತೆ ಕೊಡುವೆವೇ? ನಮ್ಮ ನೆರವು ಅವನನ್ನು ನಮ್ಮ ಋಣದಲ್ಲಿಡುತ್ತಿದೆಯೋ, ಅವನನ್ನು ಬಿಡುಗಡೆ ಮಾಡುತ್ತಿದೆಯೋ? ಪಾಪನಿವೇದನೆಗೆ ಮೊದಲು ಆತ್ಮಪರಿಶೋಧನೆ ಮಾಡಿಕೊಳ್ಳುವಾಗ ಈ ಮೂರು ಪ್ರಶ್ನೆಗಳನ್ನೂ ಸೇರಿಸಿಕೊಳ್ಳೋಣ.

ಮುಂದಿನ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರಿಗೆ ನಮ್ಮ ಕಟ್ಟಡಗಳು ಕಾಣುತ್ತವೆ, ನಮ್ಮ ಹೆಸರುಗಳೂ ಕೆಲವು ಸಿಕ್ಕಾವು. ನಮ್ಮ ಮನಸ್ಸನ್ನು ಮಾತ್ರ ಗುಪ್ತವಾದುದನ್ನು ನೋಡುವ ಪಿತನೊಬ್ಬನೇ ಬಲ್ಲನು. ಆತನ ಮುಂದೆ ನಾಚದೆ ನಿಲ್ಲುವಂತಹ ಸೇವೆ ಈ ಧರ್ಮಕೇಂದ್ರದ ಎಲ್ಲ ಮನೆಗಳಿಂದಲೂ ನಡೆಯಲಿ. ಅದಕ್ಕೆ ಬೇಕಾದ ಕೃಪೆಯನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ ಎಂದು ಪ್ರಾರ್ಥಿಸುತ್ತೇವೆ.